ಬಿಲ್ಲೆಗಿಂತ ಮೊದಲು ಟೋಪಿ: ಜರ್ಮನ್ ಸೈನ್ಯದ ಬಿಸಿಲು ಟೋಪಿಗಳಲ್ಲಿ ಯಾವುದನ್ನು ಕೊಳ್ಳಬೇಕು?

ನಾನು ದುಡ್ಡು ಕೊಟ್ಟು ಕೊಂಡ ಮೊದಲ ಜರ್ಮನ್ ಬಿಸಿಲು ಟೋಪಿ ಕಾಗದದ್ದು. ಬಿಸಿಲು ಟೋಪಿ ಎಂದರೆ ಬಿಸಿನಾಡುಗಳಲ್ಲಿ ಸೈನಿಕರೂ ಸಾಹೇಬರೂ ತೊಡುತ್ತಿದ್ದ ಅಗಲ ಅಂಚಿನ ಗಟ್ಟಿ ಟೋಪಿ. ಎಡಬದಿಗೆ ಹದ್ದಿನ ಬಿಲ್ಲೆ ಇತ್ತು, ಬಲಬದಿಗೆ ಕಪ್ಪು, ಬಿಳಿ, ಕೆಂಪು ಪಟ್ಟೆಗಳ ಬಿಲ್ಲೆ ಇತ್ತು. ಗಲ್ಲಪಟ್ಟಿಯ ಚರ್ಮ ಒಣಗಿ ಬಿರುಕು ಬಿಟ್ಟಿತ್ತು. ಮಾರಿದವರು 1941ರ ಆಫ್ರಿಕಾ ಕೋರ್ ಟೋಪಿ, ಅಂದರೆ ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಕಾದಾಡಿದ ಜರ್ಮನ್ ಪಡೆಯದು, ಎಂದಿದ್ದರು. ಮನೆಗೆ ತಂದ ಮೂರನೆಯ ದಿನ ನೆತ್ತಿಯ ಮೇಲಿನ ಗಾಳಿಕಿಂಡಿಯ ತಿರುಪು ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. ತೂತಿನ ಅಂಚಿನಲ್ಲಿ ಕಾರ್ಕ್ ಇರಲಿಲ್ಲ. ಒಂದರ ಮೇಲೊಂದು ಅಂಟಿಸಿ ಒತ್ತಿದ ಕಂದು ಕಾಗದದ ಪದರಗಳಿದ್ದವು. ವಿಯೆಟ್ನಾಂನಲ್ಲಿ ಇಂದಿಗೂ ತಯಾರಾಗುವ ಸಾಮಾನ್ಯ ಟೋಪಿಗೆ ಯಾರೋ ಬಟ್ಟೆ ಹೊದಿಸಿ, ಬಿಲ್ಲೆ ಚುಚ್ಚಿ, ಚರ್ಮಕ್ಕೆ ವಯಸ್ಸು ಹಚ್ಚಿದ್ದರು.

ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಟೋಪಿಯನ್ನು ಮೊದಲು ಬಿಲ್ಲೆಯಿಲ್ಲದಂತೆ ಭಾವಿಸಿಕೊಂಡು ನೋಡುತ್ತೇನೆ. ಒಡಲು, ಹೊಲಿಗೆ, ಒಳಪಟ್ಟಿ, ಗಾಳಿಕಿಂಡಿ ಇಷ್ಟೂ ತಾಳೆಯಾದರೆ ಮಾತ್ರ ಬಿಲ್ಲೆಯ ಕಡೆಗೆ ಕಣ್ಣು ಹಾಯಿಸುತ್ತೇನೆ. ಬಿಲ್ಲೆ ಚುಚ್ಚಲು ಒಂದು ನಿಮಿಷ ಸಾಕು, ಎಂಬತ್ತು ವರ್ಷದ ಕಾರ್ಕ್ ಒಡಲನ್ನು ಒಂದು ನಿಮಿಷದಲ್ಲಿ ಮಾಡಲಾಗದು. ಈ ಬರಹದಲ್ಲಿ ಬರುವ ಹೋಲಿಕೆಗಳೆಲ್ಲ ಈ ನಿಯಮದ ಮೇಲೆಯೇ ನಿಂತಿವೆ.

ಮಾರುಕಟ್ಟೆಯಲ್ಲಿ ಸಿಗುವ ಜರ್ಮನ್ ಬಿಸಿಲು ಟೋಪಿಗಳನ್ನು ಒಟ್ಟಾರೆ ನಾಲ್ಕು ಬಗೆಯಾಗಿ ವಿಂಗಡಿಸಬಹುದು: ಕೈಸರ್ (1918ರವರೆಗಿನ ಜರ್ಮನ್ ಚಕ್ರವರ್ತಿ) ಕಾಲದ ವಸಾಹತು ಟೋಪಿ, ಎರಡನೆಯ ಮಹಾಯುದ್ಧದ ಕ್ಯಾನ್ವಾಸ್ ಹೊದಿಕೆಯ ಕಾರ್ಕ್ ಟೋಪಿ, ಅದೇ ಯುದ್ಧದ ಫೆಲ್ಟ್ ಟೋಪಿ, ಮತ್ತು ಬೇರೆ ದೇಶದ ಟೋಪಿಗೆ ಜರ್ಮನ್ ಬಿಲ್ಲೆ ಹಾಕಿ ಬಳಸಿದ್ದು. ಇವುಗಳ ಹೊರಗೆ ನೌಕಾಪಡೆಯ ಬಿಳಿ ಟೋಪಿಯಂಥ ಕೆಲವು ಬಿಡಿ ಬಗೆಗಳಿವೆ.

ಕಾರ್ಕೋ ಫೆಲ್ಟೋ

ಹೊಸಬರಲ್ಲಿ ಹೆಚ್ಚಿನವರು ಎದುರಿಸುವ ಆಯ್ಕೆ ಇದೇ ಆದ್ದರಿಂದ ಇಲ್ಲಿಂದಲೇ ಆರಂಭಿಸುತ್ತೇನೆ.

1941ರ ಫೆಬ್ರವರಿಯಲ್ಲಿ ಜರ್ಮನ್ ಪಡೆಗಳು ಲಿಬಿಯಾದ ಟ್ರಿಪೋಲಿಯ ಬಂದರಿನಲ್ಲಿ ಇಳಿದಾಗ ಸೈನಿಕರಿಗೆ ಕೊಟ್ಟ ಸಾಮಾನಿನಲ್ಲಿ ಬಿಸಿಲು ಟೋಪಿಯೂ ಇತ್ತು. ಉಷ್ಣವಲಯದ ಸೂರ್ಯ ಯುರೋಪಿನವರ ತಲೆಗೂ ಬೆನ್ನುಹುರಿಗೂ ವಿಶೇಷ ಅಪಾಯ ತರುತ್ತಾನೆ ಎಂಬ ಹಳೆಯ ನಂಬಿಕೆ ಆಗಲೂ ಉಳಿದಿತ್ತು. ಒತ್ತಿದ ಕಾರ್ಕ್ ಒಡಲು, ಅದರ ಮೇಲೆ ತುಂಡುಗಳಾಗಿ ಕತ್ತರಿಸಿ ಹೊಲಿದ ಹಸಿರು ಛಾಯೆಯ ಕ್ಯಾನ್ವಾಸ್, ಸುತ್ತಲೂ ಒಂದು ಬಟ್ಟೆಪಟ್ಟಿ, ಅಂಚಿಗೆ ಚರ್ಮ, ಚರ್ಮದ್ದೇ ಗಲ್ಲಪಟ್ಟಿ, ನೆತ್ತಿಗೆ ತಿರುಪಿನ ಗಾಳಿಕಿಂಡಿ. ಸಂಗ್ರಾಹಕರು ಇದನ್ನು ಮೊದಲ ಮಾದರಿ ಎನ್ನುತ್ತಾರೆ. ಬಿಸಿಲಿಗೆ ಕ್ಯಾನ್ವಾಸಿನ ಹಸಿರು ಇಳಿದು ಒಣಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ.

ಆಮೇಲೆ ಬಂದ ಎರಡನೆಯ ಮಾದರಿಯಲ್ಲಿ ಕ್ಯಾನ್ವಾಸೂ ಇಲ್ಲ, ಹೊದಿಕೆಯ ಹೊಲಿಗೆಯೂ ಇಲ್ಲ. ಕಡು ಹಸಿರು ಫೆಲ್ಟನ್ನು ಅಚ್ಚಿನಲ್ಲಿ ಒತ್ತಿ ಇಡೀ ಟೋಪಿಯನ್ನು ಒಂದೇ ತುಂಡಾಗಿ ರೂಪಿಸಿದ್ದಾರೆ. ಫೆಲ್ಟ್ ಎಂದರೆ ಕಂಬಳಿಯಂತೆ ನೇಯ್ದದ್ದಲ್ಲ. ಎಳೆಗಳನ್ನು ತೇವ, ಶಾಖ, ಒತ್ತಡಗಳಿಂದ ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡಿದ ಹಾಳೆ. ಇಂಥ ಟೋಪಿಗಳೊಳಗೆ ಹೆಚ್ಚಾಗಿ ಕಾಣುವ ಮುದ್ರೆ ‘ಜೆಎಚ್‌ಎಸ್’, ಪಕ್ಕದಲ್ಲಿ ‘42’ ಎಂಬಂಥ ವರ್ಷ. ಅದು ಯೊಹಾನ್ ಹ್ಯೂಕೆಲ್ ಮತ್ತು ಮಕ್ಕಳ ಕಾರ್ಖಾನೆಯ ಗುರುತು. ಊರು ಆಗಿನ ನಾಯ್‌ಟಿಟ್‌ಶೈನ್, ಇಂದಿನ ಚೆಕ್ ಗಣರಾಜ್ಯದ ನೋವಿ ಯಿಚೀನ್. ತಲೆಮಾರುಗಳಿಂದ ಟೋಪಿಯನ್ನೇ ನಂಬಿ ಬದುಕಿದ ಆ ಊರಿನ ಕೋಟೆಮನೆಯಲ್ಲಿ ಟೋಪಿಗಳ ವಸ್ತುಸಂಗ್ರಹಾಲಯವಿದೆ. ಸೈನ್ಯದ ಟೋಪಿ ಹುಡುಕುತ್ತಾ ಹೋದವರು ಕೊನೆಗೆ ಒಬ್ಬ ಟೋಪಿಗಾರನ ಕೈಗೆಲಸದ ಎದುರು ನಿಲ್ಲುತ್ತಾರೆ. ಈ ಹವ್ಯಾಸದಲ್ಲಿ ನನಗೆ ಬಹಳ ಪ್ರಿಯವಾದ ಸಂಗತಿ ಅದು.

ಎರಡರಲ್ಲಿ ಯಾವುದು? ಹಣ ಮಿತವಾಗಿದ್ದು ಮೊದಲ ಬಾರಿ ಕೊಳ್ಳುವವರಾದರೆ ಫೆಲ್ಟ್ ಮಾದರಿಯೇ ಸರಿ ಎಂದು ನನ್ನ ಅನುಭವ ಹೇಳುತ್ತದೆ. ಕಾರಣ ಸರಳ. ಸೈನಿಕರಿಗೆ ಈ ಟೋಪಿ ಬೇಗ ಬೇಸರವಾಯಿತು. ಗುಂಡು ತಡೆಯುವುದಿಲ್ಲ, ಟ್ಯಾಂಕಿನೊಳಗೆ ಹಿಡಿಸುವುದಿಲ್ಲ, ವಾಹನದಲ್ಲಿ ಕುಳಿತರೆ ಹಿಂದಿನ ಅಂಚು ಒರಗುವ ಜಾಗಕ್ಕೆ ತಾಗುತ್ತದೆ. ಮುಂಚಾಚು ಇರುವ ಬಟ್ಟೆಯ ಕ್ಯಾಪನ್ನೇ ಎಲ್ಲರೂ ಬಯಸಿದರು. ಮರುಭೂಮಿಯ ಫೋಟೊಗಳಲ್ಲಿ ದಿನಗಳು ಕಳೆದಂತೆ ಬಿಸಿಲು ಟೋಪಿ ವಿರಳವಾಗುತ್ತಾ ಹೋಗುವುದು ಇದರಿಂದಲೇ. 1943ರ ಮೇ 13ರಂದು ಟುನೀಶಿಯದಲ್ಲಿ ಉಳಿದ ಪಡೆಗಳು ಶರಣಾದ ಮೇಲೆ ಆಫ್ರಿಕಾದಲ್ಲಿ ಅದಕ್ಕೆ ಕೆಲಸವೇ ಉಳಿಯಲಿಲ್ಲ. ಹೀಗಾಗಿ ತಲೆಯನ್ನೇ ಕಾಣದ ಫೆಲ್ಟ್ ಟೋಪಿಗಳು ಗೋದಾಮಿನಿಂದ ನೇರವಾಗಿ ಸಂಗ್ರಾಹಕರ ಕೈಗೆ ಬಂದಿವೆ. ಅಸಲಿ ಟೋಪಿ ಸುಸ್ಥಿತಿಯಲ್ಲಿ, ಕೈಗೆಟಕುವ ಬೆಲೆಗೆ ಸಿಗುವಾಗ ನಕಲಿ ಮಾಡುವವರಿಗೂ ಲಾಭ ಕಡಿಮೆ.

ಮೊದಲ ಮಾದರಿಯ ಸೊಗಸು ಬೇರೆ. ಅದರಲ್ಲಿ ಬಳಕೆಯ ಗುರುತುಗಳಿರುತ್ತವೆ: ಬೆವರಿನಿಂದ ಕಪ್ಪಾದ ಒಳಪಟ್ಟಿ, ಹಿಡಿದು ಹಿಡಿದು ಸವೆದ ಮುಂದಿನ ಅಂಚು, ಒಳಗೆ ಪೆನ್ಸಿಲಿನಲ್ಲಿ ಬರೆದ ಹೆಸರು. ಇತಿಹಾಸ ಮುಟ್ಟಿನೋಡುವ ಆಸೆಯಿಂದ ಸಂಗ್ರಹಕ್ಕೆ ಬಂದವರು ಕೊನೆಗೆ ಇದನ್ನೇ ಬಯಸುತ್ತಾರೆ, ನಾನೂ ಬಯಸಿದೆ. ಆದರೆ ಇಲ್ಲಿ ಪರೀಕ್ಷೆ ಹೆಚ್ಚು ಬೇಕು. ಕ್ಯಾನ್ವಾಸ್ ಹೊದಿಸಿದ ಯಾವ ಟೋಪಿಯ ಒಳಗೆ ಏನಿದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ.

ಪರೀಕ್ಷೆ

ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಕಾರ್ಕ್ ಮಂಕಾದ, ತುಂಬಿಕೊಂಡ ಸದ್ದು ಕೊಡುತ್ತದೆ. ಒತ್ತಿದ ಕಾಗದ ತೆಳು ಹಲಗೆಯಂತೆ ಠಕ್ಕೆನ್ನುತ್ತದೆ. ಬಳಿಕ ಮಾರುವವರ ಒಪ್ಪಿಗೆ ಪಡೆದು ಗಾಳಿಕಿಂಡಿಯ ಮುಚ್ಚಳವನ್ನು ತಿರುಗಿಸಿ ತೆಗೆಯಿರಿ. ತೂತಿನ ಅಂಚಿನಲ್ಲಿ ಒಡಲಿನ ಪದರಗಳು ಬೆತ್ತಲಾಗಿ ಕಾಣುತ್ತವೆ. ಕಾರ್ಕ್ ಆಗಿದ್ದರೆ ಸಣ್ಣ ಕಣಗಳ ಕಂದು ಒರಟು ಕಾಣಿಸುತ್ತದೆ. ನಮ್ಮ ದೇಶದ ಸೋಲಾ ಟೋಪಿಯದಾದರೆ ಹತ್ತಿಯಷ್ಟು ಹಗುರವಾದ ಬಿಳಿ ಬೆಂಡು ಕಾಣುತ್ತದೆ. ಬಂಗಾಳದ ಜೌಗು ನೆಲದಲ್ಲಿ ಬೆಳೆಯುವ ಶೋಲಾ ಗಿಡದ ಬೆಂಡು ಅದು. ಭಾರತದಲ್ಲಿ ಹೊಸದಾಗಿ ತಯಾರಿಸಿದ ಬಿಸಿಲು ಟೋಪಿಗಳು ಹೊರದೇಶಗಳಿಗೆ ಹೋಗುತ್ತವೆ. ಅವುಗಳಲ್ಲಿ ಕೆಲವು ಜರ್ಮನ್ ಬಿಲ್ಲೆ ತೊಟ್ಟು ಹಳೆಯ ಸಾಮಾನಿನ ಹೆಸರಿನಲ್ಲಿ ಮಾರಾಟವಾಗುತ್ತವೆ. ಮಾಡಿದವರ ತಪ್ಪೇನಿಲ್ಲ, ಅವರು ಹೊಸ ಟೋಪಿ ಎಂದೇ ಮಾರಿರುತ್ತಾರೆ. ಮೋಸ ನಡೆಯುವುದು ನಂತರದ ಕೈಗಳಲ್ಲಿ.

ಈಗ ಬಿಲ್ಲೆ. ಭೂಸೈನ್ಯದ ಟೋಪಿಯಲ್ಲಿ ಬಲಕ್ಕೆ ಓರೆಪಟ್ಟೆಗಳ ಮೂರು ಬಣ್ಣದ ಗುರಾಣಿ, ಎಡಕ್ಕೆ ಕಪ್ಪು ನೆಲದ ಮೇಲೆ ಬೆಳ್ಳಿ ಬಣ್ಣದ ಹದ್ದು. ನೌಕಾಪಡೆಯದಾದರೆ ಹದ್ದು ಹೊಂಬಣ್ಣದ್ದು. ವಾಯುಪಡೆಯ ಹದ್ದು ಹಾರುವ ಭಂಗಿಯಲ್ಲಿರುತ್ತದೆ. ಬಿಲ್ಲೆ ಟೋಪಿಯ ಉಬ್ಬಿಗೆ ಹೊಂದುವಂತೆ ತುಸು ಬಾಗಿರಬೇಕು. ಗರಿಗಳ ಗೆರೆಗಳು ಚೂಪಾಗಿರಬೇಕು. ಎರಕ ಹೊಯ್ದ ನಕಲಿಯಲ್ಲಿ ಅವು ಕರಗಿದ ಸಕ್ಕರೆ ಅಚ್ಚಿನಂತೆ ಮಂಕಾಗಿರುತ್ತವೆ. ಬಿಲ್ಲೆ ಕೀಳಲು ಹೋಗಬೇಡಿ, ಹಿಂಬದಿಯ ಮುಳ್ಳುಗಳು ಒಮ್ಮೆ ಬಗ್ಗಿಸಿದ ಜಾಗದಲ್ಲಿಯೇ ಮುರಿಯುತ್ತವೆ. ಬದಲಿಗೆ ಟೋಪಿಯ ಒಳಭಾಗ ನೋಡಿ: ಮುಳ್ಳು ಬಗ್ಗಿಸಿದ ಕಡೆ ಬಟ್ಟೆಗೆ ಹಳೆಯ ಕಲೆ ಇಳಿದಿದೆಯೇ, ಮುಳ್ಳಿನ ಬಣ್ಣ ಸುತ್ತಲಿನ ಲೋಹದಷ್ಟೇ ಮಾಸಿದೆಯೇ? ಹೊಸದಾಗಿ ಬಗ್ಗಿಸಿದ ಲೋಹ ಬಗ್ಗಿದ ಗೆರೆಯಲ್ಲಿ ಹೊಳೆಯುತ್ತದೆ.

ಬಿಲ್ಲೆ ಎಂದೋ ಉದುರಿ ಹೋಗಿರುವ ಟೋಪಿ ಸಿಕ್ಕರೆ ಬೇಸರಪಡಬೇಡಿ. ಅದರ ಜಾಗದಲ್ಲಿ ಕ್ಯಾನ್ವಾಸ್ ಬಿಸಿಲು ಕಾಣದೆ ಗುರಾಣಿಯ ಆಕಾರದಲ್ಲಿಯೇ ಗಾಢ ಹಸಿರಾಗಿ ಉಳಿದಿರುತ್ತದೆ. ಆ ನೆರಳಚ್ಚನ್ನು ನಕಲು ಮಾಡುವುದು ಬಹಳ ಕಷ್ಟ. ನನ್ನ ಬಳಿ ಇರುವ ಮೊದಲ ಮಾದರಿಯ ಟೋಪಿಗೆ ಎಡಬಿಲ್ಲೆ ಇಲ್ಲ, ನೆರಳಚ್ಚು ಮಾತ್ರ ಇದೆ. ಹೊಸ ಬಿಲ್ಲೆ ತಂದು ಹಾಕಿ ಎಂದು ಸಲಹೆ ಕೊಟ್ಟವರಿದ್ದಾರೆ. ನಾನು ಹಾಕುವುದಿಲ್ಲ, ಹಾಕಿದ ದಿನವೇ ಅದರ ಸಾಕ್ಷ್ಯ ಕೆಡುತ್ತದೆ.

ಅತಿನೇರಳೆ ಟಾರ್ಚ್ ಸಣ್ಣ ಬೆಲೆಗೆ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಕತ್ತಲೆ ಕೋಣೆಯಲ್ಲಿ ಹೊಲಿಗೆಯ ನೂಲು ನೀಲಿ-ಬಿಳಿಯಾಗಿ ಹೊಳೆದರೆ ಅದು ಯುದ್ಧಾನಂತರದ ನೂಲು ಎಂದು ಸಂಶಯಪಡಲು ಕಾರಣವಿದೆ. ಆದರೆ ಇಂದಿನ ಬಟ್ಟೆ ಸೋಪಿನ ಪುಡಿಯಲ್ಲಿ ತೊಳೆದ ಹಳೆಯ ಬಟ್ಟೆಯೂ ಹಾಗೆಯೇ ಹೊಳೆಯುತ್ತದೆ, ಹಾಗಾಗಿ ಇದೊಂದನ್ನೇ ನಂಬಿ ತೀರ್ಪು ಕೊಡಬೇಡಿ.

ಕೈಸರ್ ಕಾಲದ ಟೋಪಿಗಳು

ಬೆಲೆಯಲ್ಲಿಯೂ ಕಷ್ಟದಲ್ಲಿಯೂ ಇವು ಇನ್ನೊಂದು ಮೆಟ್ಟಿಲು ಮೇಲೆ. ಇಂದಿನ ನಮೀಬಿಯಾ, ಕ್ಯಾಮರೂನ್, ಟಾಂಜಾನಿಯಾ ಪ್ರದೇಶಗಳಲ್ಲಿದ್ದ ಜರ್ಮನಿಯ ವಸಾಹತು ಸೈನ್ಯವಾದ ರಕ್ಷಣಾಪಡೆ, ಚೀನಾದ ಚಿಂಗ್‌ಟಾವ್‌ನಲ್ಲಿದ್ದ ನೌಕಾ ಪದಾತಿದಳ, 1900ರಲ್ಲಿ ಚೀನಾದಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯನ್ನು ಹತ್ತಿಕ್ಕಲು ಹೋದ ಪಡೆ, ಹೀಗೆ ಒಂದೊಂದರದೂ ಒಂದೊಂದು ಟೋಪಿ. ನೌಕಾ ಪದಾತಿದಳದ ಟೋಪಿಯ ಮುಂಭಾಗದಲ್ಲಿ ಚಕ್ರಾಧಿಪತ್ಯದ ಹದ್ದಿನ ದೊಡ್ಡ ಲೋಹದ ಫಲಕವಿರುತ್ತದೆ. ಬ್ರೆಮೆನ್ ನಗರದ ಲುಡ್ವಿಗ್ ಬೋರ್ಟ್‌ಫೆಲ್ಟ್ ತಯಾರಿಸಿದ ಟೋಪಿಯ ವಿಶೇಷ ಅದರ ಹಿಂಭಾಗದ ಅಂಚು: ಕವುಚಿ ಮಲಗಿ ಗುರಿಯಿಡುವಾಗ ಅಂಚು ಬೆನ್ನಿಗೆ ತಾಗಿ ಟೋಪಿ ಕಣ್ಣಿನ ಮೇಲೆ ಜಾರದಂತೆ ಆ ಭಾಗವನ್ನು ಸರಿಸಿಕೊಳ್ಳಬಹುದಿತ್ತು. ನೈಋತ್ಯ ಆಫ್ರಿಕಾದ (ಇಂದಿನ ನಮೀಬಿಯಾ) ಪಡೆಯನ್ನು ನೆನೆಸಿಕೊಂಡರೆ ಕಣ್ಣಿಗೆ ಕಟ್ಟುವುದು ಬಲಬದಿಯ ಅಂಚನ್ನು ಮೇಲಕ್ಕೆ ಮಡಿಸಿದ ಬೂದು ಫೆಲ್ಟ್ ಹ್ಯಾಟು. ಅದು ಬಿಸಿಲು ಟೋಪಿಯ ಜಾತಿಗೆ ಸೇರಿದ್ದಲ್ಲ. ಒಂದನ್ನು ಹೇಳಿ ಇನ್ನೊಂದನ್ನು ಮಾರುವವರ ಬಗ್ಗೆ ಎಚ್ಚರವಿರಲಿ.

ಕನ್ನಡಿಗರಿಗೆ ಈ ಬಗೆ ಹತ್ತಿರವಾಗಲು ಎರಡು ಕಾರಣಗಳಿವೆ. 1914ರ ನವೆಂಬರ್ ಮೊದಲ ವಾರ ಪೂರ್ವ ಆಫ್ರಿಕಾದ ಟಾಂಗಾ ಬಂದರಿನಲ್ಲಿ ಸೇನಾಪತಿ ಲೆಟ್ಟೋ-ಫೋರ್ಬೆಕ್‌ನ ಜರ್ಮನ್ ಪಡೆಯ ಎದುರು ಇಳಿದ ಭಾರತೀಯ ಸೇನೆಯಲ್ಲಿ 27ನೆಯ ಬೆಂಗಳೂರು ಬ್ರಿಗೇಡ್ ಇತ್ತು. ಅಲ್ಲಿ ಜೇನ್ನೊಣಗಳೂ ಎದ್ದು ಸೈನಿಕರ ಮೇಲೆರಗಿದವು. ಆ ಇಳಿಯುವಿಕೆ ಸೋಲಿನಲ್ಲಿ ಮುಗಿಯಿತು. ಇನ್ನೊಂದು ಕಥೆ ನಮಗೆ ಹೆಚ್ಚು ಪರಿಚಿತ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಏರಿ ನುಗ್ಗಿದರು. ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳನ್ನು ಹಿಡಿದರು. ಎದುರಿಗೆ ಒಟ್ಟೋಮನ್ ಪಡೆ, ಅದಕ್ಕೆ ಜರ್ಮನ್ ಮತ್ತು ಆಸ್ಟ್ರಿಯನ್ ನೆರವು. ಪ್ಯಾಲೆಸ್ತೀನಿಗೆ ಬಂದಿದ್ದ ಜರ್ಮನ್ ಏಷ್ಯಾ ಕೋರ್‌ನ ಖಾಕಿ ಬಿಸಿಲು ಟೋಪಿ ಕಂಡಾಗಲೆಲ್ಲ ನನಗೆ ಬೆಂಗಳೂರಿನ ಜೆ.ಸಿ. ನಗರದ ಲ್ಯಾನ್ಸರ್ಸ್ ಸ್ಮಾರಕ ನೆನಪಾಗುತ್ತದೆ. ನಮ್ಮ ನಾಡಿನ ಇತಿಹಾಸದ ಎಳೆ ಹಿಡಿದು ಒಂದೇ ಒಂದು ಟೋಪಿ ಕೊಳ್ಳುವುದಾದರೆ, ಹಣವಿದ್ದವರಿಗೆ ನಾನು ಸೂಚಿಸುವುದು ಏಷ್ಯಾ ಕೋರ್ ಟೋಪಿಯನ್ನೇ.

ಆದರೆ ಇದನ್ನು ಮೊದಲ ಖರೀದಿ ಮಾಡಿಕೊಳ್ಳಬೇಡಿ. ಕೈಸರ್ ಕಾಲದ ಟೋಪಿಗಳು ಕಡಿಮೆ ಉಳಿದಿವೆ. ಹೋಲಿಸಿ ನೋಡಲು ಇನ್ನೊಂದು ಕೈಗೆ ಸಿಗುವುದೇ ಅಪರೂಪ. ಆ ಕಾಲದ ಖಾಸಗಿ ವ್ಯಾಪಾರಿಗಳ, ಪಾದ್ರಿಗಳ, ಪ್ರವಾಸಿಗರ ಟೋಪಿಗಳೂ ಹೀಗೆಯೇ ಇದ್ದವು. ಅಂಥ ನಾಗರಿಕ ಟೋಪಿಗೆ ಹದ್ದಿನ ಫಲಕವೊಂದನ್ನು ಬಿಗಿದರೆ ಬೆಲೆ ಹಲವು ಪಟ್ಟು ಏರುತ್ತದೆ. ಟೋಪಿಯೂ ಹಳೆಯದು, ಫಲಕವೂ ಹಳೆಯದು, ಎರಡರ ಮದುವೆ ಮಾತ್ರ ಹೊಸದು. ಇಂಥದ್ದನ್ನು ಹಿಡಿಯಲು ಫಲಕದ ಕೊಕ್ಕೆ ಕೂರುವ ತೂತುಗಳನ್ನು ನೋಡಬೇಕು. ಬಹುಕಾಲ ಹಿತ್ತಾಳೆ ತಾಗಿದ್ದ ಜಾಗದಲ್ಲಿ ಹಸಿರು ಕಿಲುಬು ಬಟ್ಟೆಗೂ ಚರ್ಮಕ್ಕೂ ಹತ್ತಿರುತ್ತದೆ.

ಈ ಟೋಪಿಗಳನ್ನು ಮನೆಗೆ ತರುವವರು ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. 1904ರಿಂದ 1908ರವರೆಗೆ ನೈಋತ್ಯ ಆಫ್ರಿಕಾದಲ್ಲಿ ಹೆರೆರೊ ಮತ್ತು ನಾಮಾ ಜನರನ್ನು ನಿರ್ನಾಮ ಮಾಡಲು ಹೊರಟದ್ದು ಇದೇ ರಕ್ಷಣಾಪಡೆ. ಜರ್ಮನಿ 2021ರಲ್ಲಿ ಅದನ್ನು ನರಮೇಧವೆಂದು ಒಪ್ಪಿಕೊಂಡಿತು. ನನ್ನ ಕಪಾಟಿನ ಪ್ರತಿ ಟೋಪಿಯ ಪಕ್ಕದಲ್ಲಿ ಅದು ಎಲ್ಲಿತ್ತು, ಅಲ್ಲಿ ಏನು ನಡೆಯಿತು ಎಂದು ಬರೆದ ಚೀಟಿ ಇಟ್ಟಿದ್ದೇನೆ. ಮನೆಗೆ ಬಂದ ಮಕ್ಕಳು ಟೋಪಿಗಿಂತ ಮೊದಲು ಚೀಟಿ ಓದುತ್ತಾರೆ.

ಪರದೇಶಿ ಟೋಪಿಗೆ ಜರ್ಮನ್ ಬಿಲ್ಲೆ

ಹಾಲೆಂಡಿನ ದಾಸ್ತಾನಿನಿಂದ ವಶಪಡಿಸಿಕೊಂಡವು, ಇಟಲಿಯ ಟೋಪಿಗಳು, 1942ರ ಜೂನ್‌ನಲ್ಲಿ ಲಿಬಿಯಾದ ಟೊಬ್ರುಕ್ ಬಿದ್ದಾಗ ಕೈಸೇರಿದ ದಕ್ಷಿಣ ಆಫ್ರಿಕಾದವು, ಇವೆಲ್ಲ ಜರ್ಮನ್ ಬಿಲ್ಲೆ ಹೊತ್ತು ಬಳಕೆಯಾದದ್ದು ನಿಜ. ಆದರೂ ನನ್ನ ಸಲಹೆ ಚಿಕ್ಕದು: ಆಗಿನ ಫೋಟೊ, ಸೈನಿಕನ ಕುಟುಂಬದ ಕಾಗದಪತ್ರ ಇಂಥ ಗಟ್ಟಿ ಹಿನ್ನೆಲೆ ಜೊತೆಗಿಲ್ಲದೆ ಕೊಳ್ಳಬೇಡಿ. ಬಿಲ್ಲೆಯಿಲ್ಲದ ದಕ್ಷಿಣ ಆಫ್ರಿಕಾದ ಟೋಪಿ ಅಗ್ಗವಾಗಿ ಧಾರಾಳ ಸಿಗುತ್ತದೆ, ಬಿಲ್ಲೆ ಬೇರೆ ಸಿಗುತ್ತದೆ. ಇಲ್ಲಿ ‘ಮೊದಲು ಟೋಪಿ’ ಎಂಬ ನನ್ನ ನಿಯಮವೂ ಕೈಕೊಡುತ್ತದೆ, ಏಕೆಂದರೆ ಒಡಲು ಅಸಲಿಯೇ ಆಗಿರುತ್ತದೆ.

ಎಸ್‌ಎಸ್ (ನಾಜಿ ಪಕ್ಷದ ಸಶಸ್ತ್ರ ಪಡೆ) ಬಿಲ್ಲೆಯ ಟೋಪಿಯ ವಿಷಯದಲ್ಲಿ ಇನ್ನೂ ನೇರವಾಗಿ ಹೇಳುತ್ತೇನೆ: ಬೇಡ. ನಕಲಿಗಳ ಹಾವಳಿ ಅತಿ ಹೆಚ್ಚಿರುವುದು ಅಲ್ಲಿಯೇ. ಬೆಲೆ ಏರುವುದೂ ಆ ಚಿಹ್ನೆಯ ಮೇಲಿನ ಮೋಹದಿಂದ, ಟೋಪಿಯ ಗುಣದಿಂದಲ್ಲ. ನೌಕಾಪಡೆಯ ಬಿಳಿ ಟೋಪಿ ನೋಡಲು ಚೆಂದ, ಯುದ್ಧಕ್ಕೆ ಮೊದಲು ಹಡಗುಗಳು ದೂರದೇಶಗಳಿಗೆ ಹೋದಾಗ ತೊಟ್ಟದ್ದು. ಆದರೆ ಬಿಳಿ ಬಟ್ಟೆಯ ಮೇಲಿನ ಪ್ರತಿ ಕಲೆಯೂ ಉಳಿಯುತ್ತದೆ, ನಮ್ಮ ಹವೆಯಲ್ಲಿ ಅದನ್ನು ಕಾಪಾಡುವ ಕೆಲಸ ದೊಡ್ಡದು.

ಕಾನೂನು ಮತ್ತು ಸಾಗಣೆ

ಜರ್ಮನಿಯಲ್ಲಿರುವ ಕನ್ನಡಿಗರಿಗೆ: ಅಲ್ಲಿನ ದಂಡಸಂಹಿತೆಯ 86ಎ ವಿಧಿ ನಾಜಿ ಚಿಹ್ನೆಗಳ ಸಾರ್ವಜನಿಕ ಪ್ರದರ್ಶನವನ್ನು ಅಪರಾಧವೆನ್ನುತ್ತದೆ, ಸಂಶೋಧನೆ, ಬೋಧನೆ, ಇತಿಹಾಸ ನಿರೂಪಣೆಗಳಿಗೆ ವಿನಾಯಿತಿ ಇದೆ. ಅಲ್ಲಿನ ವ್ಯಾಪಾರಿಗಳು ಹದ್ದಿನ ಕಾಲ್ಗಳಲ್ಲಿರುವ ನಾಜಿ ಸ್ವಸ್ತಿಕ ಚಿಹ್ನೆಯನ್ನು ಮುಚ್ಚಿಯೇ ಫೋಟೊ ಹಾಕುತ್ತಾರೆ. ಕೈಸರ್ ಕಾಲದ ಹದ್ದಿನಲ್ಲಿ ಆ ಚಿಹ್ನೆಯೇ ಇಲ್ಲವಾದ್ದರಿಂದ ಅದಕ್ಕೆ ಈ ತೊಡಕಿಲ್ಲ. ಭಾರತದಲ್ಲಿ ಇಟ್ಟುಕೊಳ್ಳುವವರೂ ಆ ನಾಜಿ ಚಿಹ್ನೆಯನ್ನು ಹೊಸ್ತಿಲ ಮೇಲೆ ಬರೆಯುವ ನಮ್ಮ ಸ್ವಸ್ತಿಕದೊಡನೆ ಬೆರೆಸಿ ಮಾತನಾಡಬಾರದು. ಮನೆಗೆ ಬಂದವರು ಕೇಳಿಯೇ ಕೇಳುತ್ತಾರೆ, ವ್ಯತ್ಯಾಸವನ್ನು ಬಿಡಿಸಿ ಹೇಳುವ ಹೊಣೆ ನಿಮ್ಮದು.

ಹೊರಗಿನಿಂದ ತರಿಸುವಾಗ ವಯಸ್ಸು ಮುಖ್ಯ. ಕಸ್ಟಮ್ಸ್ ವರ್ಗೀಕರಣದಲ್ಲಿ ನೂರು ವರ್ಷ ಮೀರಿದ ಪುರಾತನ ವಸ್ತುಗಳಿಗೆ 9706 ಎಂಬ ಪ್ರತ್ಯೇಕ ಶೀರ್ಷಿಕೆಯಿದೆ. 1914ರ ಟೋಪಿ ಆ ವಯಸ್ಸು ದಾಟಿದೆ, 1942ರದು ದಾಟಿಲ್ಲ. ಮಾರುವವರಿಂದ ತಯಾರಿಕೆಯ ವರ್ಷ ನಮೂದಿಸಿದ ರಸೀದಿ ಪಡೆಯಿರಿ, ಆಮದಿನ ಕಾಗದಗಳನ್ನು ಜೋಪಾನವಾಗಿಡಿ. ನೂರು ವರ್ಷ ದಾಟಿದ ವಸ್ತುಗಳನ್ನು ದೇಶದಿಂದ ಹೊರಗೆ ಕಳುಹಿಸುವುದಕ್ಕೆ 1972ರ ಪುರಾತನ ವಸ್ತುಗಳ ಕಾಯಿದೆಯ ನಿರ್ಬಂಧವಿದೆ. ಮುಂದೆಂದೋ ಟೋಪಿಯನ್ನು ವಿದೇಶದಲ್ಲಿ ಮಾರುವ ಯೋಚನೆ ಇದ್ದರೆ ಕೊಳ್ಳುವ ಮುನ್ನವೇ ವಿಚಾರಿಸಿಕೊಳ್ಳಿ.

ಮಳೆಗಾಲ

ಎಲ್ಲಿ ವಾಸವಿದ್ದೀರಿ ಎಂಬುದೂ ಆಯ್ಕೆಯನ್ನು ನಿರ್ಧರಿಸುತ್ತದೆ, ಯುರೋಪಿನ ಸಂಗ್ರಾಹಕರು ಇದನ್ನು ಹೇಳುವುದಿಲ್ಲ. ಮಂಗಳೂರು, ಕಾರವಾರ, ಮಡಿಕೇರಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಚರ್ಮದ ಅಂಚು, ಗಲ್ಲಪಟ್ಟಿ, ಒಳಪಟ್ಟಿ ಎಲ್ಲವೂ ಇರುವ ಕಾರ್ಕ್ ಮಾದರಿಗೆ ಅಲ್ಲಿ ಅಪಾಯ ಹೆಚ್ಚು. ಫೆಲ್ಟ್ ಟೋಪಿಯ ಶತ್ರು ನುಸಿ. ಅದು ಒಣ ಹವೆಯಲ್ಲಿಯೂ ಬಿಡುವುದಿಲ್ಲ, ಒಂದು ಬೇಸಿಗೆ ಗಮನಿಸದಿದ್ದರೆ ಅಂಚಿನಲ್ಲಿ ಅಕ್ಕಿಕಾಳಿನಷ್ಟು ತೂತುಗಳು ಬೀಳುತ್ತವೆ. ಬೆಂಗಳೂರು, ಧಾರವಾಡದವರು ಎರಡರಲ್ಲಿ ಯಾವುದನ್ನಾದರೂ ಇಟ್ಟುಕೊಳ್ಳಬಹುದು. ಕರಾವಳಿಯವರಿಗೆ, ತಿಂಗಳಿಗೊಮ್ಮೆ ತೆಗೆದು ನೋಡುವ ಶಿಸ್ತಿದ್ದರೆ, ಫೆಲ್ಟ್ ಉತ್ತಮ.

ಹಳೆಯ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚುವ ನಮ್ಮ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಎಣ್ಣೆ ಬಟ್ಟೆಗೆ ಇಳಿಯುತ್ತದೆ, ಹಿತ್ತಾಳೆಯ ಬಕಲ್ ತಾಗಿದ ಕಡೆ ಕಿಲುಬು ಹೆಚ್ಚುತ್ತದೆ. ನುಸಿಗುಳಿಗೆಯನ್ನೂ ಟೋಪಿಗೆ ತಾಗಿಸಿ ಇಡಬಾರದು. ಟೋಪಿಯನ್ನು ಅಂಚಿನ ಮೇಲೆ ಕೂರಿಸಿದರೆ ಒಂದೆರಡು ವರ್ಷದಲ್ಲಿ ಅಂಚು ಸೊಟ್ಟಗಾಗುತ್ತದೆ, ಮೊಳೆಗೆ ನೇತು ಹಾಕಿದರೆ ಗಲ್ಲಪಟ್ಟಿ ಕಿತ್ತುಬರುತ್ತದೆ. ನಾನು ಆಮ್ಲರಹಿತ ತೆಳುಕಾಗದವನ್ನು ಉಂಡೆ ಮಾಡಿ ಟೋಪಿಯ ಒಳಗೆ ತುಂಬಿ, ಅಂಚು ಎಲ್ಲಿಯೂ ನೆಲಕ್ಕೆ ತಾಗದಂತೆ ಮರದ ಗುಂಡುದಿಮ್ಮಿಯ ಮೇಲೆ ಕೂರಿಸುತ್ತೇನೆ. ಪೆಟ್ಟಿಗೆಯ ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿರುತ್ತವೆ. ಅವುಗಳ ನೀಲಿ ಹರಳು ಗುಲಾಬಿಯಾದ ದಿನ ಹೊಸ ಪೊಟ್ಟಣ ಇಟ್ಟು, ಟೋಪಿಯನ್ನು ತಿರುಗಿಸಿ ಒಳಪಟ್ಟಿಯ ಅಡಿಯಲ್ಲಿ ಒಮ್ಮೆ ಟಾರ್ಚ್ ಬಿಟ್ಟು ನೋಡುತ್ತೇನೆ. ನುಸಿಯ ಮೊಟ್ಟೆ ಮೊದಲು ಸಿಗುವುದು ಅಲ್ಲಿಯೇ.